ಪದಚರ್ಚೆ: ಫ್ರೆಂಚಿನ ‘ಕೊಂದಿಸಿಯೊನೆಲ್ ಪಾಸೆ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಪಿಯುಸಿಯಲ್ಲಿ ಫ್ರೆಂಚ್ ಆಯ್ದುಕೊಂಡ ಮಕ್ಕಳಿಗಾಗಿ ಒಂದು ವ್ಯಾಕರಣ ಕೈಪಿಡಿ ಸಿದ್ಧವಾಗಿದೆ. ಶುಕ್ರವಾರ ಬೆಳಿಗ್ಗೆ ಪುಟಗಳು ಪ್ರೆಸ್ಸಿಗೆ ಹೋಗಬೇಕು. ಉಳಿದ ಕಾಲಗಳಿಗೆಲ್ಲ ಹೆಸರು ಹೊಂದಿಸಿ ಆಗಿದೆ, ‘ಗೊತ್ತಿದ್ದಿದ್ದರೆ ಬರುತ್ತಿದ್ದೆ’ ಎನ್ನುವಂಥ ಮಾತಿನಲ್ಲಿ ಬರುವ ಕ್ರಿಯಾರೂಪ ‘ಕೊಂದಿಸಿಯೊನೆಲ್ ಪಾಸೆ’ಯ ತಲೆಬರಹ ಮಾತ್ರ ಖಾಲಿ. ಕರಡಿನಲ್ಲಿ ‘ಷರತ್ತು ಭೂತ’ ಎಂದಿದೆ. ಓದಿದರೆ ಬಾಡಿಗೆ ಕರಾರು ನೆನಪಾಗುತ್ತದೆ. ‘ಸೋಪಾಧಿಕ ಭೂತಕಾಲ’ ಎಂದರೆ ಪಿಯುಸಿ ಹುಡುಗರು ಪುಟ ತಿರುಗಿಸಿಬಿಡುತ್ತಾರೆ. ಕೋಷ್ಟಕದ ಅಂಕಣ ಕಿರಿದು, ಎರಡು ಪದಕ್ಕಿಂತ ಹೆಚ್ಚು ಹಿಡಿಸದು. ಜೊತೆಗೆ ಒಂದೆರಡು ಮಾದರಿ ವಾಕ್ಯಗಳನ್ನೂ ಕೊಟ್ಟರೆ ಉಪಕಾರ. ಫ್ರೆಂಚ್ ಉಚ್ಚಾರವನ್ನು ಕನ್ನಡ ಲಿಪಿಯಲ್ಲೇ ಕೊಡುತ್ತಿದ್ದೇವೆ.

— ಸು., ಧಾರವಾಡ

*

ಹೆಸರು ಎರಡು ಸಾವಿರ ವರ್ಷಗಳಿಂದ ಸಿದ್ಧವಾಗಿದೆ: ಕ್ರಿಯಾತಿಪತ್ತಿ. ಪಾಣಿನಿ 3-3-139 ನೋಡಿ. ನಡೆಯಬಹುದಾಗಿದ್ದ ಕ್ರಿಯೆ ನಡೆಯದೆ ಹೋದಾಗ ಸಂಸ್ಕೃತದಲ್ಲಿ ಬರುವ ಕ್ರಿಯಾರೂಪ ಲೃಙ್. ‘ಅಭವಿಷ್ಯತ್’ ಬಿಡಿಸಿ: ಹಿಂದೆ ಭೂತದ ಅಕಾರ, ನಡುವೆ ಭವಿಷ್ಯತ್ತಿನ ‘ಸ್ಯ’, ಕೊನೆಗೆ ಭೂತದ ಪ್ರತ್ಯಯ. ಫ್ರೆಂಚಿನ ಕೊಂದಿಸಿಯೊನೆಲ್ ಕೂಡ ಭವಿಷ್ಯದ ಪ್ರಕೃತಿಗೆ ಭೂತದ ಪ್ರತ್ಯಯ ಹಚ್ಚಿದ್ದೇ. ಇದಕ್ಕಿಂತ ಒಪ್ಪುವ ಹೆಸರು ಬೇರೆ ಎಲ್ಲಿದೆ? ‘ಭೂತ ಕ್ರಿಯಾತಿಪತ್ತಿ’ ಎಂದು ಹಾಕಿ ಮುಗಿಸಿ.

— ರಾ., ಮೈಸೂರು

*

ಸು. ಮೇಡಂ, ಹೆಸರಿಗೂ ಮೊದಲು ಪುಟದಲ್ಲಿ ಏನಿರಬೇಕು ಎನ್ನುವುದು ಮುಖ್ಯ.

ರೂಪ ಸುಲಭ. ‘ಅವ್ವಾರ್’ ಅಥವಾ ‘ಎತ್ರ್’ ಸಹಾಯಕ ಧಾತುವನ್ನು ಕೊಂದಿಸಿಯೊನೆಲ್ ಪ್ರೆಸಾಂನಲ್ಲಿ (ಅದರ ವರ್ತಮಾನ ರೂಪದಲ್ಲಿ) ಇಟ್ಟು, ಮುಂದೆ ಪಾರ್ತಿಸಿಪ್ ಪಾಸೆ (ಭೂತ ಕೃದಂತ) ಸೇರಿಸುವುದು. ಝೋರೆ ಪಾರ್ಲೆ, ಅಂದರೆ ಮಾತಾಡುತ್ತಿದ್ದೆ. ಝ ಸರೆ ವನ್ಯು, ಅಂದರೆ ಬರುತ್ತಿದ್ದೆ. ಹೋಗು, ಬಾ, ಹೊರಡು, ಹುಟ್ಟು, ಸಾಯು, ಬೀಳು ಬಗೆಯ ಧಾತುಗಳಿಗೂ ‘ಸ’ ಸೇರುವ ಆತ್ಮಾರ್ಥಕ ಧಾತುಗಳಿಗೆಲ್ಲಕ್ಕೂ ಎತ್ರ್. ಉಳಿದವಕ್ಕೆ ಅವ್ವಾರ್. ಆದರೆ ಅದೇ ‘ಸೋರ್ತಿರ್’ ಕರ್ಮ ತೆಗೆದುಕೊಂಡ ಕೂಡಲೇ ಪಕ್ಷ ಬದಲಿಸುತ್ತದೆ. ಎಲ್ ಸರೆ ಸೋರ್ತಿ ಎಂದರೆ ಹೊರಗೆ ಹೋಗುತ್ತಿದ್ದಳು, ಎಲ್ ಓರೆ ಸೋರ್ತಿ ಲಾ ವ್ವಾತ್ಯುರ್ ಎಂದರೆ ಕಾರು ಹೊರತೆಗೆಯುತ್ತಿದ್ದಳು. ಅಂಕ ಹೋಗುವುದು ಇಲ್ಲೇ. ಮೊದಲ ವಾಕ್ಯದ ಸೋರ್ತಿಗೆ ಕೊನೆಯಲ್ಲಿ ಸ್ತ್ರೀಲಿಂಗದ ‘ಇ’ ಅಕ್ಷರ ಬರುತ್ತದೆ, ಎರಡನೆಯದಕ್ಕೆ ಬರುವುದಿಲ್ಲ. ಕಿವಿಗೆ ಎರಡೂ ಒಂದೇ.

ಕನ್ನಡ ಲಿಪಿಯಲ್ಲಿ ಇನ್ನೊಂದು ಅಪಾಯವಿದೆ. ಉತ್ತಮ ಪುರುಷ (‘ನಾನು’) ಏಕವಚನದಲ್ಲಿ ಭವಿಷ್ಯವೂ ಓರೆ, ಕೊಂದಿಸಿಯೊನೆಲ್ಲೂ ಓರೆ. ಬರವಣಿಗೆಯಲ್ಲಿ ಕೊಂದಿಸಿಯೊನೆಲ್ಲಿಗೆ ಕೊನೆಯಲ್ಲೊಂದು ‘ಎಸ್’, ಭವಿಷ್ಯಕ್ಕೆ ಇಲ್ಲ. ಆರು ರೂಪಗಳಲ್ಲಿ ನಾಲ್ಕು ಬರೀ ‘ಓರೆ’ ಎಂದೇ ಕೇಳಿಸುತ್ತವೆ. ನಾವು, ನೀವು ರೂಪಗಳು ಮಾತ್ರ ಓರಿಯೊಂ, ಓರಿಯೆ. ಆದ್ದರಿಂದ ಕೋಷ್ಟಕದ ಪಕ್ಕ ಮೂಲ ಕಾಗುಣಿತ ಇರಲೇಬೇಕು.

ಕ್ರಿಯಾತಿಪತ್ತಿಯನ್ನು ನಾನು ಒಪ್ಪುವುದಿಲ್ಲ. ಸಂಸ್ಕೃತದಲ್ಲಿ ‘ಯದಿ’ ವಾಕ್ಯಕ್ಕೂ ಲೃಙ್, ಫಲದ ವಾಕ್ಯಕ್ಕೂ ಲೃಙ್. ಫ್ರೆಂಚಿನಲ್ಲಿ ‘ಸಿ’ (ಯದಿ) ಇರುವ ಕಡೆ ಪ್ಲ್ಯುಸ್-ಕ-ಪಾರ್ಫೆ (‘ಬಂದಿದ್ದೆ’ ಎನ್ನುವಂಥ ಭೂತ), ಕೊಂದಿಸಿಯೊನೆಲ್ ಪಾಸೆ ಬರುವುದು ಫಲದ ಕಡೆ ಮಾತ್ರ: ಸಿ ಝಾವೆ ಸ್ಯು, ಝ ಸರೆ ವನ್ಯು. ಗೊತ್ತಿದ್ದಿದ್ದರೆ ಬರುತ್ತಿದ್ದೆ. ಫ್ರಾನ್ಸಿನ ಮೇಷ್ಟ್ರುಗಳು ‘ಲೆ ಸಿ ನೆಮ್ ಪಾ ಲೆ ರೆ’ ಎಂದು ಬಾಯಿಪಾಠ ಮಾಡಿಸುವುದು ಇದಕ್ಕೇ. ಸಿ-ಗೂ ರೆ-ಗೂ ಆಗಿಬರುವುದಿಲ್ಲ. ಕನ್ನಡದವರಿಗೆ ಈ ತಪ್ಪು ಇನ್ನೂ ಹತ್ತಿರ. ನಮ್ಮ ಕಿವಿಗೆ ‘-ರೆ’ ಎಂದರೆ ಬಂದರೆ, ಹೋದರೆ. ಅದು ಪಕ್ಷಾರ್ಥದ ಗುರುತು. ಫ್ರೆಂಚಿನ ‘-ರೆ’ ಎದುರು ದಡದಲ್ಲಿದೆ. ಕೈಪಿಡಿಯಲ್ಲಿ ಇದನ್ನು ಚೌಕಟ್ಟು ಹಾಕಿ ಅಚ್ಚು ಮಾಡಿಸಿ.

ಆ ಬಾಯಿಪಾಠಕ್ಕೂ ಒಂದು ಅಪವಾದ ಉಂಟು. ಬರುತ್ತಿದ್ದನೋ ಇಲ್ಲವೋ ಎನ್ನುವ ಸಂಶಯದ ‘ಸಿ’ಯ ನಂತರ ಕೊಂದಿಸಿಯೊನೆಲ್ ಧಾರಾಳವಾಗಿ ಬರುತ್ತದೆ. ಕನ್ನಡದಲ್ಲಿ ‘-ರೆ’ ಬಂದರೆ ನಿಷೇಧ, ‘-ಓ’ ಬಂದರೆ ಅನುಮತಿ ಎಂದು ಹೇಳಿಕೊಟ್ಟರೆ ಮಕ್ಕಳಿಗೆ ಗೊಂದಲವಿಲ್ಲ.

— ಗಿ., ಲಿಯೊಂ

*

ಶರತ್ತು ಅರಬ್ಬಿಯದು, ಕ್ರಿಯಾತಿಪತ್ತಿ ಸಂಸ್ಕ್ರುತದ್ದು. ಕನ್ನಡದ ಮಕ್ಕಳಿಗೆ ಮೂರನೆಯ ನುಡಿಯೊಂದನ್ನು ಕಲಿಸಲು ನಡುವೆ ಇನ್ನೆರಡು ನುಡಿ ಏಕೆ? ‘ಆಗದುಳಿದ ಹಿಂಬೊತ್ತು’ ಎನ್ನಿ. ಓದಿದ ಕೂಡಲೇ ತಿಳಿಯುತ್ತದೆ. ಎರಡೇ ಪದ, ನಿಮ್ಮ ಅಂಕಣದಲ್ಲೂ ಹಿಡಿಸುತ್ತದೆ.

— ಚೆ., ತುಮಕೂರು

*

ತಿಳಿಯುವುದಿಲ್ಲ. ‘ಹಿಂಬೊತ್ತು’ ಯಾವ ಪಠ್ಯಪುಸ್ತಕದಲ್ಲಿದೆ? ಎಂಟನೇ ತರಗತಿಯಲ್ಲಿ ಭೂತಕಾಲ ಕಲಿತ ಹುಡುಗ ಪಿಯುಸಿಯಲ್ಲಿ ಅದನ್ನೇ ಹೊಸ ಹೆಸರಿನಲ್ಲಿ ಕಲಿಯಬೇಕೇ? ಮಹಾಪ್ರಾಣ ಬಿಟ್ಟ ಮಾತ್ರಕ್ಕೆ ಪದ ಕನ್ನಡವಾಗುವುದಿಲ್ಲ.

— ರಾ.

*

ರಾ. ಸರ್, ಚೆ. ಅವರೇ, ನೀವಿಬ್ಬರೂ ಒಂದೇ ತಪ್ಪು ಮಾಡುತ್ತಿದ್ದೀರಿ. ‘ನಡೆಯದೆ ಹೋದದ್ದು’ ಎನ್ನುವ ಅರ್ಥವನ್ನು ಹೆಸರಿಗೇ ಕಟ್ಟುತ್ತಿದ್ದೀರಿ. ಫ್ರೆಂಚ್ ಪತ್ರಿಕೆಗಳಲ್ಲಿ ಈ ರೂಪ ಕಾಣಿಸುವುದು ಮುಖ್ಯವಾಗಿ ಬೇರೆಯೇ ಕೆಲಸಕ್ಕೆ. ಲಾಕ್ಸಿದಾಂ ಓರೆ ಫೆ ತ್ರ್ವಾ ಮೋರ್. ಇಲ್ಲಿ ಷರತ್ತೂ ಇಲ್ಲ, ಆಗದುಳಿದದ್ದೂ ಇಲ್ಲ. ವರದಿಗಾರ ಸುದ್ದಿಯ ಹೊಣೆ ಹೊರಲು ತಯಾರಿಲ್ಲ, ಅಷ್ಟೆ. ಕನ್ನಡದಲ್ಲಿ: ಅಪಘಾತದಲ್ಲಿ ಮೂವರು ಸತ್ತಿದ್ದಾರಂತೆ. ಪತ್ರಿಕೆಯ ಭಾಷೆಯಲ್ಲಿ ‘ಸತ್ತಿದ್ದಾರೆ ಎನ್ನಲಾಗಿದೆ’. ಇದನ್ನು ‘ಮೂವರು ಸಾಯುತ್ತಿದ್ದರು’ ಎಂದು ಅನುವಾದಿಸಿದರೆ ಸತ್ತವರು ಬದುಕಿಬಿಡುತ್ತಾರೆ. ಸುದ್ದಿ ಅನುವಾದದಲ್ಲಿ ಇದಕ್ಕಿಂತ ದೊಡ್ಡ ಅನರ್ಥ ಇನ್ನೊಂದಿಲ್ಲ.

ಇನ್ನು ಪಶ್ಚಾತ್ತಾಪ, ಆಕ್ಷೇಪಣೆ. ಝೋರೆ ದ್ಯು ಎಂದರೆ ಮಾಡಬೇಕಿತ್ತು. ತ್ಯು ಓರೆ ಪ್ಯು ಎಂದರೆ ಮಾಡಬಹುದಿತ್ತು. ಇಲ್ ಓರೆ ಫಾಲ್ಯು ಕೂಡ ‘ಬೇಕಿತ್ತು’, ಕರ್ತೃ ಮಾತ್ರ ಇಲ್ಲ. ಇವಕ್ಕೆ ಕನ್ನಡದ ಬೇಕು, ಬಹುದುಗಳ ಮುಂದೆ ‘ಇತ್ತು’ ಸಾಕು. ‘-ಉತ್ತಿದ್ದೆ’ ಎಳೆದು ತರಬೇಡಿ.

ಮೊದಲ ಬಳಕೆಗೆ ಗಿ. ಅವರು ಕೊಟ್ಟ ‘ಬರುತ್ತಿದ್ದೆ’ ಮಕ್ಕಳಿಗೆ ತೊಡಕು. ‘ದಿನಾ ಬರುತ್ತಿದ್ದೆ’ ಎಂದರೆ ರೂಢಿಯನ್ನು ಹೇಳುವ ಭೂತ ಆಂಪಾರ್ಫೆಯೂ ಅದೇ. ‘ಬಂದಿರುತ್ತಿದ್ದೆ’ ಎನ್ನಿ. ಭೂತ ಕೃದಂತ ‘ಬಂದು’, ಅದಕ್ಕೆ ‘ಇರು’ವಿನ ರೂಪ. ಫ್ರೆಂಚಿನ ವನ್ಯು ಮತ್ತು ಸರೆ ಇದೇ ಜೋಡಿ, ಕ್ರಮ ಮಾತ್ರ ಅದಲುಬದಲು.

ಹೆಸರು? ‘ಕೊಂದಿಸಿಯೊನೆಲ್ ಪಾಸೆ’ ಎಂದೇ ಇಡಿ. ಪ್ರಶ್ನೆಪತ್ರಿಕೆಯಲ್ಲಿ ಬರುವುದು ಅದೇ ಹೆಸರು.

— ಮೀ., ಪುದುಚೇರಿ

*

ಪ್ರಶ್ನೆಪತ್ರಿಕೆಯ ಹೆಸರೇ ಸಾಕು ಎಂದಾದರೆ ಈ ಚರ್ಚೆ ಯಾಕೆ? ಕೈಪಿಡಿಯನ್ನೂ ಫ್ರೆಂಚಿನಲ್ಲೇ ಬರೆಯಿರಿ. ಇಂಗ್ಲಿಶಿಗೆ ಬಾಗಿಲು ತೆಗೆದದ್ದೂ ಹೀಗೇ. ಮೊದಲು ಹೆಸರು, ಆಮೇಲೆ ವಿವರಣೆ, ಕೊನೆಗೆ ಪಾಟವೇ ಅವರದ್ದು.

— ಚೆ.

*

ಫ್ರೆಂಚ್ ವ್ಯಾಕರಣಕ್ಕೆ ಫ್ರೆಂಚ್ ಹೆಸರು ಬಂದರೆ ಕನ್ನಡ ಬಡವಾಗುವುದಿಲ್ಲ. ಕಾಗದ, ಕಾನೂನು, ಸಾಬೂನು, ಜನ್ನಲು ಎಲ್ಲವನ್ನೂ ಹೊರಗೆ ಹಾಕಿ ಆಮೇಲೆ ಮಾತಾಡೋಣ. ಅದು ಬೇರೆ ಚರ್ಚೆ, ಬೇರೆ ಎಳೆ ತೆಗೆಯಿರಿ.

— ಮೀ.

*

ಚೆ. ಅವರಿಗೆ ಸಂಸ್ಕೃತ ಬೇಡ. ಆದರೆ ಲ್ಯಾಟಿನ್ನಿನಿಂದ ಫ್ರೆಂಚಿಗೆ ಈ ರೂಪ ಬಂದ ದಾರಿ ನೋಡಿ. ‘ಕಾಂತಾರೆ ಹಬೇಬಾಮ್’, ಅಂದರೆ ಹಾಡಲು ಇತ್ತು. ಎರಡೂ ಬೆಸೆದು ‘ಶಾಂತ್ರೆ’. ಭವಿಷ್ಯವೂ ಹೀಗೇ, ‘ಕಾಂತಾರೆ ಹಬೆಯೊ’ ಬೆಸೆದದ್ದು. ನಮ್ಮ ‘ಹಾಡಲಿದ್ದೆ’, ‘ಹಾಡಲಿದ್ದೇನೆ’ ಅದೇ ಅಚ್ಚು. ಭವಿಷ್ಯವನ್ನು ಹಿಂದಕ್ಕೆ ಸರಿಸಿದರೆ ಇದು ಹುಟ್ಟುತ್ತದೆ ಎಂಬುದನ್ನು ಹೆಸರು ಹೇಳಬೇಕು. ನನ್ನ ನಿಲುವು ಬದಲಾಗುವುದಿಲ್ಲ.

— ರಾ.

*

ರಾ. ಸರ್ ಹೇಳಿದ ವ್ಯುತ್ಪತ್ತಿ ಸರಿ. ಅದರಿಂದ ಇನ್ನೊಂದು ಬಳಕೆಯೂ ಬಿಡಿಸಿಕೊಳ್ಳುತ್ತದೆ. ‘ಮಧ್ಯಾಹ್ನದೊಳಗೆ ಹೊರಟಿರುತ್ತೇನೆ ಎಂದು ಹೇಳಿದ’ ಎನ್ನುವಲ್ಲಿ ಕನ್ನಡ ‘ಹೊರಟಿರುತ್ತೇನೆ’ಯನ್ನು ಹಾಗೇ ಉಳಿಸಿಕೊಳ್ಳುತ್ತದೆ. ಫ್ರೆಂಚ್ ಅದನ್ನೂ ಹಿಂದಕ್ಕೆ ಸರಿಸಿ ‘ಇಲ್ ಆ ದಿ ಕಿಲ್ ಸರೆ ಪಾರ್ತಿ ಅವಾಂ ಮಿದಿ’ ಎನ್ನುತ್ತದೆ. ಇಲ್ಲಿಯೂ ಷರತ್ತಿಲ್ಲ.

ಮೀ. ಮೇಡಂ ಸೂತ್ರಕ್ಕೆ ಒಂದು ತಡೆ. ‘ಓದಿದ್ದರೆ ಈಗ ಡಾಕ್ಟರ್ ಆಗಿರುತ್ತಿದ್ದೆ.’ ಫ್ರೆಂಚಿನಲ್ಲಿ: ಸಿ ಝಾವೆ ಎತ್ಯುದಿಯೆ, ಝ ಸರೆ ಮೆದ್ಸಾಂ. ಇದು ಪ್ರೆಸಾಂ, ಪಾಸೆ ಅಲ್ಲ. ಫಲ ಈಗಲೂ ಮುಂದುವರಿದಿದೆ. ‘-ಇರುತ್ತಿದ್ದೆ’ ಕಂಡಲ್ಲೆಲ್ಲ ಪಾಸೆ ಬರೆದರೆ ಈ ವಾಕ್ಯ ತಪ್ಪುತ್ತದೆ. ಫಲ ನಿನ್ನೆಗೇ ಮುಗಿದಿದ್ದರೆ ಪಾಸೆ, ಇಂದಿಗೂ ಇದ್ದರೆ ಪ್ರೆಸಾಂ. ‘ಈಗ’ ಎಂದು ಸೇರಿಸಿ ನೋಡಿದರೆ ತಿಳಿಯುತ್ತದೆ.

ಹಳೆಯ ಪುಸ್ತಕಗಳಲ್ಲಿ ಇದರ ‘ಎರಡನೇ ರೂಪ’ ಎಂದು ಇನ್ನೊಂದು ಇರುತ್ತದೆ: ಝ್ಯುಸ್ ಪಾರ್ಲೆ. ಅದು, ಇಚ್ಛೆ-ಸಂಶಯಗಳನ್ನು ಹೇಳುವ ಸ್ಯುಬ್‌ಝೊಂಕ್ತಿಫ್‌ನ ಪ್ಲ್ಯುಸ್-ಕ-ಪಾರ್ಫೆಯೇ. ಗ್ರಂಥಸ್ಥ ಬಳಕೆ. ಪಿಯುಸಿಗೆ ಬೇಡ.

— ಗಿ.

*

ಎಲ್ಲರಿಗೂ ಕೃತಜ್ಞತೆಗಳು. ತಲೆಬರಹ ‘ಕೊಂದಿಸಿಯೊನೆಲ್ ಪಾಸೆ’, ಅದರಡಿ ಸಣ್ಣಕ್ಷರದಲ್ಲಿ ‘-ಇರುತ್ತಿದ್ದೆ, -ಬೇಕಿತ್ತು, -ಅಂತೆ’ ಎಂದು ಹಾಕಿದ್ದೇನೆ. ಆ ಮೂರನ್ನು ಒಂದೇ ಕನ್ನಡ ಹೆಸರಿನಡಿ ತರಲು ಹೊರಟರೆ ಒಂದಲ್ಲ ಒಂದು ಹೊರಗೆ ಉಳಿಯುತ್ತದೆ. ಅಭ್ಯಾಸದ ಕೊನೆಯ ಎರಡು ವಾಕ್ಯ ಪರಿಶೀಲಿಸಿ ಹೇಳಿ: ‘ಎಲ್ ಸ ಸರೆ ಲಾವೆ’, ‘ಎಲ್ ಸ ಸರೆ ಲಾವೆ ಲೆ ಮಾಂ’. ಎರಡರಲ್ಲೂ ಲಾವೆಗೆ ಸ್ತ್ರೀಲಿಂಗದ ‘ಇ’ ಹಾಕಿದೆ.

— ಸು.

*

ಎರಡನೆಯದರಿಂದ ತೆಗೆಯಿರಿ. ಅಲ್ಲಿ ಕರ್ಮ ‘ಕೈಗಳು’, ಅದು ಹಿಂದೆ ಬಂದಿಲ್ಲ, ಮುಂದೆ ಬಂದಿದೆ. ಮತ್ತೆ ‘ದ್ಯು’ವಿನ ತಲೆಯ ಮೇಲಿನ ಟೋಪಿ ಗುರುತು ಪುಲ್ಲಿಂಗ ಏಕವಚನಕ್ಕೆ ಮಾತ್ರ. ಕೋಷ್ಟಕದ ಸ್ತ್ರೀಲಿಂಗ ಸಾಲಿನಲ್ಲೂ ಅದು ಇದ್ದರೆ ಪ್ರೆಸ್ಸಿಗೆ ಹೋಗುವ ಮೊದಲೇ ಅಳಿಸಿಬಿಡಿ.

— ಗಿ.