ಸಸಿ ಮಾಡಲು ಮನೆಯ ಹಳೇ ಡಬ್ಬಿ, ಬಾಟಲಿ ಸಾಕಾ? ಮಾಡಿ ನೋಡಿದವರು ಹೇಳಿ

ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬೀಜ ಹಾಕಿ ಸಸಿ ಮಾಡಲು ಇದೇ ಮೊದಲ ಸಲ ಕೈ ಹಾಕುತ್ತಿದ್ದೇನೆ. ಟೊಮೆಟೊ, ಮೆಣಸಿನಕಾಯಿ, ಬೀನ್ಸ್, ಒಂದೆರಡು ಹೂವು, ಅಷ್ಟೇ. ಟ್ರೇ, ಪುಟ್ಟ ಕುಂಡ, ಕೈಸಲಿಕೆ ಅಂತ ಪಟ್ಟಿ ಮಾಡಿದರೆ ಬೀಜಕ್ಕಿಂತ ಸಾಮಾನಿನ ಖರ್ಚೇ ಜಾಸ್ತಿ. ಮನೆಯಲ್ಲಿ ಬಿದ್ದಿರುವ ಡಬ್ಬಿ, ಬಾಟಲಿಗಳಲ್ಲೇ ಕೆಲಸ ಆಗುತ್ತದಾ? ಆಗದೇ ಹೋದದ್ದನ್ನೂ ಹೇಳಿ.

ಉತ್ತರ 1:

ಧಾರಾಳವಾಗಿ ಆಗುತ್ತದೆ. ಎಂಟು ವರ್ಷದಿಂದ ನಾನು ಒಂದೇ ಒಂದು ಟ್ರೇ ಕೊಂಡಿಲ್ಲ. ಆದರೆ ಮೊದಲ ವರ್ಷ ಕೆಡಿಸಿಕೊಂಡ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಮೊಸರಿನ ಡಬ್ಬಿಗಳಲ್ಲಿ ಟೊಮೆಟೊ ಹಾಕಿದ್ದೆ. ತಳಕ್ಕೆ ತೂತು ಮಾಡಲು ಸೋಮಾರಿತನ. ನೀರು ಕಮ್ಮಿ ಹಾಕಿದರಾಯಿತು ಅಂದುಕೊಂಡೆ. ಚೆನ್ನಾಗಿಯೇ ಮೊಳೆತವು. ಒಂದು ವಾರ ಕಳೆಯುವಷ್ಟರಲ್ಲಿ ಬುಡ ದಾರದ ಹಾಗೆ ಸಣ್ಣಗಾಗಿ ಒಂದೊಂದೇ ಮಲಗಿದವು. ಇದೇ ಸಸಿ ಕೊಳೆ ರೋಗ. ನೀರು ನಿಂತು, ಗಾಳಿ ಆಡದೆ ಇದ್ದರೆ ಮಣ್ಣಿನಲ್ಲಿರುವ ರೋಗಾಣುಗಳಿಗೆ ಹಬ್ಬ. ಹಾಗೆ ಮಲಗಿದ ಸಸಿ ಮತ್ತೆ ಏಳುವುದಿಲ್ಲ.

ಹಾಗಾಗಿ ಯಾವ ಡಬ್ಬಿ ಅನ್ನುವುದನ್ನು ಆಮೇಲೆ ನೋಡಿ, ತಳದಲ್ಲಿ ತೂತು ಇದೆಯಾ ಅಂತ ಮೊದಲು ನೋಡಿ. ದಬ್ಬಳ ಕಾಯಿಸಿ ನಾಲ್ಕೈದು ಕಡೆ ಚುಚ್ಚಿದರೆ ಆಯಿತು. ದಬ್ಬಳವನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ, ಕಿಟಕಿ ತೆರೆದಿರಲಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ಹಿಂದಿನ ಸಲ ಸಸಿ ಬೆಳೆಸಿದ ಡಬ್ಬಿಯಾದರೆ ಸೋಪಿನಲ್ಲಿ ತೊಳೆಯಿರಿ. ಆಮೇಲೆ ಒಂದು ಪಾಲು ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಬೆರೆಸಿ, ಅದರಲ್ಲಿ 10 ನಿಮಿಷ ನೆನೆಸಿ ಜಾಲಿಸಿ. ಬಣ್ಣ, ಕೀಟನಾಶಕ ತುಂಬಿದ್ದ ಡಬ್ಬ ಮಾತ್ರ ಬೇಡವೇ ಬೇಡ.

ಕೇಕ್ ಬರುತ್ತದಲ್ಲ, ಆ ಥರದ ಪಾರದರ್ಶಕ ಮುಚ್ಚಳದ ಡಬ್ಬಿ ಸಿಕ್ಕರೆ ಎಸೆಯಬೇಡಿ. ಅದೇ ನಿಮ್ಮ ಪುಟ್ಟ ಹಸಿರುಮನೆ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಬಿತ್ತಿ, ಮುಚ್ಚಳ ಹಾಕಿ, ಬೆಚ್ಚಗಿನ ಕಡೆ ಇಡಿ. ನೇರ ಬಿಸಿಲಿಗೆ ಇಟ್ಟರೆ ಒಳಗೆ ಬೆಂದುಹೋಗುತ್ತದೆ. ಅರ್ಧದಷ್ಟು ಮೊಳಕೆ ತಲೆ ಎತ್ತಿದ ದಿನವೇ ಮುಚ್ಚಳ ತೆಗೆದು ಬೆಳಕಿಗೆ ತನ್ನಿ. 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಟೊಮೆಟೊ ಸುಮಾರು ಒಂದು ವಾರಕ್ಕೆ ಏಳುತ್ತದೆ. ಮೆಣಸಿನಕಾಯಿಗೆ ಎರಡು ವಾರ ಬಿಡಿ. ಮಧ್ಯೆ ಕೆದಕಿ ನೋಡಬೇಡಿ. ನಾನು ನೋಡಿದ್ದೇನೆ, ಅದಕ್ಕೇ ಹೇಳುತ್ತಿರುವುದು.

ಉತ್ತರ 2:

ಬೀನ್ಸ್‌ಗೆ ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಬೇರು ಸೀದಾ ಕೆಳಕ್ಕೆ ಇಳಿಯುತ್ತದೆ, ಕೊಳವೆ ಸಮೇತ ನೆಡಬಹುದು, ಬೇರು ಕದಲುವುದಿಲ್ಲ. ಒಂದು ತುದಿಯನ್ನು ನಾಲ್ಕು ಕಡೆ ಕತ್ತರಿಸಿ ಒಳಕ್ಕೆ ಮಡಚಿದರೆ ತಳ ಆಯಿತು. ನೆಡುವಾಗ ರಟ್ಟಿನ ಅಂಚು ಮಣ್ಣಿನ ಮೇಲೆ ಕಾಣಬಾರದು. ಕಂಡರೆ ಅದು ಬತ್ತಿಯ ಹಾಗೆ ಒಳಗಿನ ನೀರನ್ನೆಲ್ಲ ಎಳೆದು ಗಾಳಿಗೆ ಬಿಡುತ್ತದೆ.

ಮೊಟ್ಟೆಯ ಚಿಪ್ಪಿನಲ್ಲಿ ಸಸಿ ಬೆಳೆಸುವುದು ಫೋಟೋಗೆ ಚಂದ, ಅಷ್ಟೇ. ಎರಡು ಚಮಚ ಮಣ್ಣು ಹಿಡಿಯುತ್ತದೆ, ಸಂಜೆಯೊಳಗೆ ಒಣಗಿರುತ್ತದೆ. ಮೊಟ್ಟೆ ಇಟ್ಟು ಕೊಡುವ ರಟ್ಟಿನ ಟ್ರೇ ಕೂಡ ಹಾಗೇ. ಬೇರಿಗೆ ಜಾಗವಿಲ್ಲ, ಒದ್ದೆಯಾಗಿ ಬೂಷ್ಟು ಬೇರೆ.

ಉತ್ತರ 3:

ಮೊಟ್ಟೆ ಟ್ರೇ ವಿಷಯ ನಾನು ಒಪ್ಪುವುದಿಲ್ಲ. ಮೊಳೆಯುವ ತನಕ ಮಾತ್ರ ಅಂದರೆ ಸಾಕಾಗುತ್ತದೆ. ಮೊದಲ ಎರಡು ಬೀಜದೆಲೆ ಆದ ಮೇಲೆ ನಿಜವಾದ ಎಲೆ ಬರುತ್ತದಲ್ಲ, ಆಗ ಬೇರೆ ಡಬ್ಬಿಗೆ ಬದಲಿಸಿದರೆ ಆಯಿತು. ಕೀಳುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು. ಚಿಪ್ಪಿನ ಮಾತು ಮಾತ್ರ ನೂರಕ್ಕೆ ನೂರು ನಿಜ.

ಸಲಿಕೆಯ ಬದಲು ಹಳೇ ಚಮಚ, ಸಸಿ ಎಬ್ಬಿಸಲು ಫೋರ್ಕ್, ಗುಳಿ ಮಾಡಲು ಪೆನ್ಸಿಲ್. ಪೆನ್ಸಿಲಿಗೆ ಅರ್ಧ, ಒಂದು, ಎರಡು ಸೆಂಟಿಮೀಟರಿಗೆ ಗೆರೆ ಹಾಕಿಟ್ಟುಕೊಳ್ಳಿ, ಆಳದ ಅಂದಾಜು ತಪ್ಪುವುದಿಲ್ಲ.

ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದರೆ ಹೂಜಿ ತಯಾರು. ಇನ್ನೂ ಒಳ್ಳೆಯದು ಕೆಳಗಿನಿಂದ ನೀರು ಕುಡಿಸುವುದು. ಡಬ್ಬಿಗಳನ್ನು ಹಳೇ ತಟ್ಟೆಯಲ್ಲಿ ನಿಲ್ಲಿಸಿ ನೀರು ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಉಳಿದ ನೀರು ಚೆಲ್ಲಿ. ಮೇಲೆ ಸುರಿದರೆ ಸಣ್ಣ ಬೀಜ ಮೂಲೆಗೆ ತೇಲಿಹೋಗುತ್ತದೆ.

ಊರಿಗೆ ಹೋಗುವ ಯೋಚನೆ ಇದ್ದರೆ ಬಾಟಲಿಯನ್ನು ಅಡ್ಡಕ್ಕೆ ಕತ್ತರಿಸಿ. ಮೇಲಿನ ಅರ್ಧವನ್ನು ತಲೆಕೆಳಗಾಗಿ ಕೆಳಗಿನ ಅರ್ಧದೊಳಗೆ ಕೂರಿಸಿ. ಮೇಲಿನದರಲ್ಲಿ ಮಣ್ಣು, ಸಸಿ. ಕೆಳಗಿನದರಲ್ಲಿ ನೀರು. ಹಳೇ ಹತ್ತಿ ಬನಿಯನ್ನಿನ ಪಟ್ಟಿಯೊಂದನ್ನು ಬಾಯಿಯಿಂದ ನೀರಿಗೆ ಇಳಿಬಿಟ್ಟರೆ ಅದೇ ನೀರೆಳೆದುಕೊಳ್ಳುತ್ತದೆ. ಹೊರಗೆ ಕಾಗದ ಸುತ್ತಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ನನ್ನ ಹತ್ತಿರ ಇರುವುದು ಮೂರು ವರ್ಷದ ಹಿಂದಿನ ಬೀಜ, ಎಸೆಯಲಾ? ಕಿಟಕಿ ಕೂಡ ಒಂದೇ ಇದೆ, ಬೆಳಕು ಸಾಕಾಗುತ್ತದಾ? ವೈಫೈ ರೌಟರ್ ಬೆಚ್ಚಗಿರುತ್ತದೆ, ಅದರ ಮೇಲೆ ಇಡು ಅಂತ ಒಬ್ಬರು ಹೇಳಿದರು.

ಉತ್ತರ 1, ಮತ್ತೆ:

ರೌಟರ್ ಮೇಲೆ ನೀರಿನ ಡಬ್ಬಿ ಇಡುವುದಾ? ಸುಮ್ನೆ ಇರಿ. ನಾನು ಒಮ್ಮೆ ಸೆಟ್‌ಟಾಪ್ ಬಾಕ್ಸ್ ಮೇಲೆ ಇಟ್ಟು, ಡಬ್ಬಿ ಮಗುಚಿ, ಮನೆಯವರ ಕೈಲಿ ಒಂದು ತಿಂಗಳು ಮಾತು ಕೇಳಿದ್ದೇನೆ.

ಬೀಜ ಎಸೆಯುವ ಮೊದಲು ಪರೀಕ್ಷೆ ಮಾಡಿ. ಒದ್ದೆ ಟಿಶ್ಯೂ ಮೇಲೆ ಹತ್ತು ಬೀಜ ಹರಡಿ, ಮಡಚಿ, ಜಿಪ್ ಚೀಲದಲ್ಲಿ ಹಾಕಿ ಬೆಚ್ಚಗೆ ಇಡಿ. ಹತ್ತು ದಿನಕ್ಕೆ ಏಳು ಮೊಳೆತರೆ ಚಿಂತೆಯಿಲ್ಲ. ಮೂರೇ ಆದರೆ ಒತ್ತೊತ್ತಾಗಿ ಬಿತ್ತಿ. ಮೊಳೆತದ್ದನ್ನೂ ವ್ಯರ್ಥ ಮಾಡಬೇಡಿ, ಬೇರು ಮುರಿಯದ ಹಾಗೆ ನೆಟ್ಟುಬಿಡಿ. ಮೆಣಸಿನಕಾಯಿಯಾದರೆ ಇನ್ನೂ ನಾಲ್ಕು ದಿನ ಕಾಯಿರಿ.

ಒಂದೇ ಕಿಟಕಿ ಇದ್ದರೆ ಸಸಿ ಬೆಳಕಿನ ಕಡೆ ವಾಲಿ ಉದ್ದಕ್ಕೆ ಸಣಕಲಾಗುತ್ತದೆ. ರಟ್ಟಿಗೆ ಅಡುಗೆಮನೆಯ ಫಾಯಿಲ್ ಅಂಟಿಸಿ ಸಸಿಯ ಹಿಂದೆ ನಿಲ್ಲಿಸಿ, ಡಬ್ಬಿಯನ್ನು ದಿನಾ ಅರ್ಧ ಸುತ್ತು ತಿರುಗಿಸಿ. ನನ್ನ ಮನೆಯಲ್ಲಿ ಇದರಿಂದ ಸಾಕಷ್ಟು ವ್ಯತ್ಯಾಸ ಆಗಿದೆ.

ಉತ್ತರ 2, ಮತ್ತೆ:

ಒಂದು ಮರೆತಿದ್ದೆ. ಹೆಸರು ಬರೆಯಲು ಐಸ್‌ಕ್ರೀಮ್ ಕಡ್ಡಿ ಸಾಕು, ಆದರೆ ಪೆನ್ಸಿಲಿನಲ್ಲಿ ಬರೆಯಿರಿ. ಮಾರ್ಕರ್ ಬಿಸಿಲಿಗೆ ಮಾಸುತ್ತದೆ. ನಮ್ಮಲ್ಲಿ ಒಂದು ಸಲ ಎರಡು ತಿಂಗಳು ದೊಣ್ಣೆಮೆಣಸು ಅಂತ ಸಾಕಿದ್ದು ಕೊನೆಗೆ ಕಣ್ಣಲ್ಲಿ ನೀರು ತರಿಸುವ ಖಾರದ ಜಾತಿ ಅಂತ ಕಚ್ಚಿ ನೋಡಿದ ಮೇಲೆಯೇ ಗೊತ್ತಾಯಿತು.