ಕೇರ್ ಪ್ಲಾನ್ (ರೋಗಿಯ ಆರೈಕೆಯ ಲಿಖಿತ ಯೋಜನೆ) ನಕಲು ಮಾಡುವ ವಿದ್ಯಾರ್ಥಿಗಳಿಗೆ ಯೋಚಿಸುವ ಅಭ್ಯಾಸ ಹತ್ತಿಸುವುದು ಹೇಗೆ?

ಕ್ಲಿನಿಕಲ್ ಬೋಧಕಿ:
ಬಿಎಸ್ಸಿ ನರ್ಸಿಂಗ್, ಸರ್ಜಿಕಲ್ ವಾರ್ಡ್ ಪೋಸ್ಟಿಂಗ್. ಎಲ್ಲರ ಕೇರ್ ಪ್ಲಾನೂ ಸೀನಿಯರ್‌ಗಳ ಫೈಲಿನ ಪಡಿಯಚ್ಚು. ರೋಗಿ ಯಾರೇ ಇರಲಿ, ಉಸಿರಾಟ ನಿಮಿಷಕ್ಕೆ 20! ಇಂಟರ್ನಲ್ಸ್‌ನಲ್ಲಿ ಅಂಕ ಚೆನ್ನಾಗಿಯೇ ಬರುತ್ತದೆ, ಆದರೆ "ಯಾಕೆ?" ಎಂದರೆ ಮೌನ. ಎಲ್ಲಿಂದ ಶುರು ಮಾಡಲಿ?

ಸರ್ಜಿಕಲ್ ಸಿಸ್ಟರ್:
"ನಾರ್ಮಲ್ ಎಷ್ಟು?" ಎಂದು ಕೇಳಿದರೆ ಬಾಯಿಪಾಠವೇ ಬರುತ್ತದೆ. ಒಬ್ಬನೇ ರೋಗಿಯ ಮೂರು ಹೊತ್ತಿನ ಅಂಕಿ ಕೊಡಿ. ಹೊಟ್ಟೆಯ ಆಪರೇಷನ್ ಆದ 60 ಕೆಜಿಯ ರೋಗಿ ಎನ್ನಿ. 2 ಗಂಟೆಗೆ ನಾಡಿ 84, ಬಿಪಿ 124/78. 3ಕ್ಕೆ 98, 120/84. 4ಕ್ಕೆ 114, 112/90. ಆ ಗಂಟೆಯ ಮೂತ್ರ 20 ಮಿ.ಲೀ. ಬಹುತೇಕರು "ಮೇಲಿನ ಬಿಪಿ ಸರಿಯಿದೆ" ಎಂದು ಅಲ್ಲೇ ನಿಲ್ಲುತ್ತಾರೆ. ರಕ್ತಸ್ರಾವದ ಆರಂಭದಲ್ಲಿ ರಕ್ತನಾಳಗಳು ಬಿಗಿದು ಬಿಪಿಯನ್ನು ಹಿಡಿದಿಡುತ್ತವೆ. ಅದಕ್ಕೇ ಕೆಳಗಿನ ಅಂಕಿ ಏರಿ, ನಡುವಿನ ಅಂತರ 46ರಿಂದ 22ಕ್ಕೆ ಇಳಿದಿದೆ. ಮೂತ್ರವೂ ಗಂಟೆಗೆ ಕೆಜಿಗೆ ಅರ್ಧ ಮಿ.ಲೀ. ಲೆಕ್ಕದಲ್ಲಿ ಕನಿಷ್ಠ 30 ಇರಬೇಕಿತ್ತು.

ಚರ್ಚೆಗೆ ಮೊದಲೇ ಪ್ರತಿಯೊಬ್ಬರೂ ಬರೆಯಲಿ: ಏನಾಗುತ್ತಿದೆ, ಆಧಾರವೇನು, ನನ್ನ ಊಹೆ ತಪ್ಪೆಂದು ಯಾವುದರಿಂದ ಗೊತ್ತಾಗುತ್ತದೆ. ಮೂರನೆಯದೇ ಮುಖ್ಯ. ನೋವಿಗೂ ನಾಡಿ ಏರುತ್ತದೆ, ಕ್ಯಾತಿಟರ್ (ಮೂತ್ರದ ನಳಿಕೆ) ಮಡಚಿಕೊಂಡರೂ ಮೂತ್ರ ಕಡಿಮೆಯಾಗುತ್ತದೆ. ಹಾಗಾಗಿ ಡ್ರೈನ್ (ಗಾಯದ ದ್ರವ ಹೊರಹಾಕುವ ನಳಿಕೆ), ಡ್ರೆಸ್ಸಿಂಗ್, ಟ್ಯೂಬ್ ನೋಡಲೇಬೇಕು. ಕೊನೆಗೆ ಕೇಳಿ: ರೋಗಿ ಮೆಟೊಪ್ರೊಲಾಲ್ (ನಾಡಿ ನಿಧಾನಗೊಳಿಸುವ ಬಿಪಿ ಔಷಧ) ತೆಗೆದುಕೊಳ್ಳುತ್ತಿದ್ದರೆ? ಆಗ ನಾಡಿ ಏರದೆಯೂ ಇರಬಹುದು.

ನರ್ಸಿಂಗ್ ಉಪನ್ಯಾಸಕ:
ನಕಲಿಗೆ ಅರ್ಧ ಕಾರಣ ಪುಟಗಳ ಸಂಖ್ಯೆ. ಒಂದೇ ಪುಟ, ಎರಡೇ ಸಮಸ್ಯೆ ಸಾಕು. ಪ್ರತಿ ಕ್ರಮದ ಪಕ್ಕದಲ್ಲಿ "ಈ ರೋಗಿಗೇ ಯಾಕೆ?" ಎಂಬ ಕಾಲಂ ಇರಲಿ, ಅಂಕ ಅದಕ್ಕೇ ಇರಲಿ. ಫ್ಯುರೊಸೆಮೈಡ್ (ಮೂತ್ರ ಹೆಚ್ಚಿಸುವ, ಪೊಟ್ಯಾಸಿಯಂ ಇಳಿಸುವ ಔಷಧ) ಇದ್ದರೆ ಇವತ್ತಿನ ಪೊಟ್ಯಾಸಿಯಂ ಬರೆಯಬೇಕು, 3.5ಕ್ಕಿಂತ ಕೆಳಗಿದ್ದು ಡಿಗಾಕ್ಸಿನ್ (ಪೊಟ್ಯಾಸಿಯಂ ಕಡಿಮೆಯಾದರೆ ಅಪಾಯ ಹೆಚ್ಚುವ ಹೃದಯದ ಔಷಧ) ಕೂಡ ನಡೆಯುತ್ತಿದ್ದರೆ ಡೋಸ್‌ಗೆ ಮುಂಚೆಯೇ ಡಾಕ್ಟರಿಗೆ ತಿಳಿಸಬೇಕು. ಇದನ್ನು ಹಳೇ ಫೈಲಿನಿಂದ ಎತ್ತಲಾಗದು.

ಉಸಿರಾಟಕ್ಕೆ: ನಾಡಿ ನೋಡಿದ ಕೈ ಬಿಡದೆ ಪೂರ್ತಿ ಒಂದು ನಿಮಿಷ ಎಣಿಸಲಿ. ರೋಗಿಗೆ ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಇಬ್ಬರು ಬೇರೆಬೇರೆ ಎಣಿಸಿ ಹೋಲಿಸಲಿ.

ವಾರ್ಡ್ ಇನ್‌ಚಾರ್ಜ್:
ಮೌನಕ್ಕೆ ಭಯವೂ ಕಾರಣ. ರೋಗಿಯ ಎದುರು ಗದರಿದರೆ ಮರುದಿನ ಯಾರೂ ಬಾಯಿ ಬಿಡುವುದಿಲ್ಲ. ಪ್ರಶ್ನೆಗಳು ಡ್ಯೂಟಿ ರೂಮಿನಲ್ಲಿರಲಿ, ಕೇಳಿದ ಮೇಲೆ ಹತ್ತು ಸೆಕೆಂಡ್ ಸುಮ್ಮನಿರಿ. ಕನ್ನಡ ಮಾಧ್ಯಮದಿಂದ ಬಂದವರು ಮೊದಲು ಕನ್ನಡದಲ್ಲೇ ವಿವರಿಸಲಿ, ಇಂಗ್ಲಿಷ್ ವರದಿ ಆಮೇಲೆ.

ಇನ್ನು ಉತ್ಸಾಹ. ಹ್ಯಾಂಡೋವರ್‌ನಲ್ಲಿ (ಪಾಳಿ ಬದಲಾಗುವಾಗ) ಒಬ್ಬ ರೋಗಿಯ ವರದಿಯನ್ನು ವಿದ್ಯಾರ್ಥಿಯೇ ಎಸ್‌ಬಾರ್ ಕ್ರಮದಲ್ಲಿ ಹೇಳಲಿ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಮಾಡಬೇಕು. ಪಕ್ಕದಲ್ಲಿ ಸ್ಟಾಫ್ ನರ್ಸ್ ಇರಲೇಬೇಕು. ತಾನು ಗಮನಿಸಿದ್ದರಿಂದ ಒಂದು ಆರ್ಡರ್ ಬದಲಾದದ್ದನ್ನು ಕಂಡವಳು ಮರುದಿನ ತಾನಾಗಿಯೇ ಕೇಸ್ ಶೀಟ್ ತೆರೆಯುತ್ತಾಳೆ.