ಬೇವಿನೆಲೆಯ ಸಾರದಿಂದ ಬೆಳ್ಳಿಯ ನ್ಯಾನೋಕಣ: ಎರಡನೆಯ ಸಲ ದ್ರಾವಣ ಹಾಲಿನಂತೆ ಕದಡಿದ್ದೇಕೆ?

ಪ್ರಶ್ನೆ: ಬೇವಿನನೆರಳು

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಬೇವಿನೆಲೆಯ ಸಾರದಿಂದ ಬೆಳ್ಳಿಯ ನ್ಯಾನೋಕಣಗಳನ್ನು ತಯಾರಿಸುವುದು ನನ್ನ ಪ್ರಾಜೆಕ್ಟ್. 20 ಗ್ರಾಂ ಎಲೆಯನ್ನು ತೊಳೆದು, ಹೆಚ್ಚಿ, 100 ಮಿಲಿಲೀಟರ್ ನೀರಿನಲ್ಲಿ ಕುದಿಸಿ ಸೋಸಿದ ಸಾರದಲ್ಲಿ 10 ಮಿಲಿಲೀಟರನ್ನು, 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟಿನ 90 ಮಿಲಿಲೀಟರ್ ದ್ರಾವಣಕ್ಕೆ ಬೆರೆಸುತ್ತೇನೆ. ಮೊದಲ ಸಲ ಬಣ್ಣ ನಿಧಾನವಾಗಿ ಹಳದಿಯಿಂದ ಕಂದಿಗೆ ತಿರುಗಿತು. ದ್ರಾವಣ ಯಾವ ಬೆಳಕನ್ನು ಹೀರುತ್ತದೆಂದು ತೋರಿಸುವ ಯುವಿ-ವಿಸಿಬಲ್ ಮಾಪನದಲ್ಲಿ 432 ನ್ಯಾನೋಮೀಟರಿನ ಬಳಿ ಸ್ಪಷ್ಟವಾದ ಪೀಕ್ ಬಂತು. ಎರಡನೆಯ ಸಲ ಬೆರೆಸಿದ ಕ್ಷಣದಲ್ಲೇ ದ್ರಾವಣ ತೆಳುವಾದ ಹಾಲಿನಂತೆ ಕದಡಿತು, ಕಿಟಕಿಯ ಬಳಿ ಇಟ್ಟಿದ್ದರಿಂದಲೋ ಏನೋ ಮಧ್ಯಾಹ್ನದ ಹೊತ್ತಿಗೆ ಬೂದು ಮಿಶ್ರಿತ ನೇರಳೆಯಾಯಿತು. ಆ ವಾರ ಪ್ರಯೋಗಾಲಯದ ಬಟ್ಟಿ ಇಳಿಸುವ ಉಪಕರಣ ಕೆಟ್ಟಿದ್ದರಿಂದ ಎಲೆಯನ್ನು ಕೊಳವೆಬಾವಿಯ ನೀರಿನಲ್ಲಿ ಕುದಿಸಿದ್ದೆ. ಸಿಲ್ವರ್ ನೈಟ್ರೇಟ್ ದ್ರಾವಣ ಮಾತ್ರ ಹಿಂದೆಯೇ ಶುದ್ಧ ನೀರಿನಲ್ಲಿ ಮಾಡಿಟ್ಟದ್ದು.

ಎಕ್ಸ್‌ರೇ ವಿವರ್ತನೆಯಲ್ಲಿ (ಹರಳುಗಳು ಕಿರಣವನ್ನು ಯಾವ ಕೋನಗಳಲ್ಲಿ ಚದುರಿಸುತ್ತವೆಂದು ನೋಡಿ ವಸ್ತುವನ್ನು ಗುರುತಿಸುವ ಪರೀಕ್ಷೆಯಲ್ಲಿ) ಬೆಳ್ಳಿಗೆ ಸೇರಿದ 38.1, 44.3, 64.4 ಮತ್ತು 77.4 ಡಿಗ್ರಿಗಳ ಪೀಕ್‌ಗಳ ಜೊತೆಗೆ 27.8, 32.2 ಮತ್ತು 46.2ರಲ್ಲೂ ಪೀಕ್‌ಗಳಿವೆ, ಅವೇ ಹೆಚ್ಚು ಎತ್ತರವಾಗಿವೆ. ಸಸ್ಯದ ಸಾವಯವ ವಸ್ತುಗಳು ಕಣಗಳ ಮೇಲೆ ಹರಳುಗಟ್ಟಿದ್ದರಿಂದ ಹೀಗಾಗಿದೆ ಎಂದು ಬರೆದರೆ ಸಾಕು, ಹಲವು ಪ್ರಬಂಧಗಳಲ್ಲಿ ಹಾಗೆಯೇ ಇದೆ ಎಂದು ನನಗೆ ಸಲಹೆ ಬಂದಿದೆ. ನನಗೆ ಅಷ್ಟು ಸಮಾಧಾನವಿಲ್ಲ. ಗಿಡದ ಬದಲು ಶಿಲೀಂಧ್ರವನ್ನೋ ಬ್ಯಾಕ್ಟೀರಿಯಾವನ್ನೋ ಬಳಸಿದರೆ ಈ ತೊಂದರೆ ತಪ್ಪೀತೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಳೆಯ ಬ್ಯೂರೆಟ್

ನಿಮ್ಮ ಅಸಮಾಧಾನಕ್ಕೆ ಸರಿಯಾದ ಕಾರಣವಿದೆ. ಆ ಮೂರೂ ಪೀಕ್‌ಗಳು ಸಿಲ್ವರ್ ಕ್ಲೋರೈಡಿನವು. ನಿಮ್ಮ ನಕ್ಷೆಯನ್ನು ಇನ್ನಷ್ಟು ಹಿಗ್ಗಿಸಿ ನೋಡಿದರೆ 54.8 ಮತ್ತು 57.5ರ ಬಳಿಯೂ ಸಣ್ಣ ಪೀಕ್‌ಗಳು ಕಾಣಬೇಕು. ಬೆರೆಸಿದ ಕೂಡಲೇ ಬಂದ ಬಿಳಿ ಕದಡೂ, ಬೆಳಕಿಗೆ ಅದು ನೇರಳೆಯಾದದ್ದೂ ಪದವಿ ತರಗತಿಯ ಲವಣ ವಿಶ್ಲೇಷಣೆಯಲ್ಲಿ ನೀವೇ ನೋಡಿದ ಸಂಗತಿಗಳು. ಹೆಸರು ದೊಡ್ಡದಾದ ಪ್ರಯೋಗಕ್ಕೆ ಕೈ ಹಾಕಿದಾಗ ಹಳೆಯ ಪಾಠ ನೆನಪಿಗೆ ಬರುವುದಿಲ್ಲ, ಅಷ್ಟೇ.

ಲೆಕ್ಕ ಮಾಡಿ ನೋಡೋಣ. ಸಿಲ್ವರ್ ಕ್ಲೋರೈಡಿನ ವಿಲೇಯತಾ ಗುಣಲಬ್ಧ, ಅಂದರೆ ನೀರಿನಲ್ಲಿ ಕರಗಿ ಉಳಿಯಬಲ್ಲ ಬೆಳ್ಳಿ ಮತ್ತು ಕ್ಲೋರೈಡ್ ಅಯಾನುಗಳ ಸಾರತೆಗಳನ್ನು ಗುಣಿಸಿದಾಗ ಬರುವ ಮಿತಿ, ಸುಮಾರು 1.8 × 10⁻¹⁰. ಬೆಳ್ಳಿಯ ಅಯಾನು 1 ಮಿಲಿಮೋಲಾರ್ ಇರುವಲ್ಲಿ, ಲೀಟರಿಗೆ 0.0064 ಮಿಲಿಗ್ರಾಂ ಕ್ಲೋರೈಡ್ ದಾಟಿದರೆ ಸಾಕು, ಪ್ರಕ್ಷೇಪ ಆರಂಭವಾಗಬಹುದು. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 250 ಮಿಲಿಗ್ರಾಂವರೆಗಿನ ಕ್ಲೋರೈಡನ್ನು ಸ್ವೀಕಾರಾರ್ಹವೆಂದು ಒಪ್ಪುತ್ತದೆ, ಅಂದರೆ ಸುಮಾರು 7 ಮಿಲಿಮೋಲಾರ್. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಅದಕ್ಕಿಂತ ಬಹಳ ಕಡಿಮೆ, ಲೀಟರಿಗೆ 100 ಮಿಲಿಗ್ರಾಂ ಇದೆ ಎಂದುಕೊಂಡರೂ 10 ಮಿಲಿಲೀಟರ್ ಸಾರದೊಂದಿಗೆ 1 ಮಿಲಿಗ್ರಾಂ ಕ್ಲೋರೈಡ್ ಬಂದು ಸೇರುತ್ತದೆ, ಮತ್ತು ನೀವು ಹಾಕಿದ ಬೆಳ್ಳಿಯ ಹೆಚ್ಚುಕಡಿಮೆ ಮೂರನೆಯ ಒಂದು ಭಾಗವನ್ನು ಹಿಡಿದುಕೊಳ್ಳಲು ಅಷ್ಟು ಸಾಕಾಗುತ್ತದೆ. ಕುಡಿಯಲು ಒಳ್ಳೆಯ ನೀರು ಈ ಕೆಲಸಕ್ಕೆ ಒಳ್ಳೆಯದಾಗಬೇಕೆಂದಿಲ್ಲ.

ಆದರೆ ಶುದ್ಧ ನೀರು ಬಳಸಿದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ, ಏಕೆಂದರೆ ಎಲೆಯೊಳಗೇ ಕ್ಲೋರೈಡ್ ಇರುತ್ತದೆ, ಗಿಡ ಬೆಳೆದ ಮಣ್ಣು ಮತ್ತು ಅದು ಕುಡಿದ ನೀರಿಗೆ ತಕ್ಕಂತೆ ಅದರ ಪ್ರಮಾಣ ಏರಿಳಿಯುತ್ತದೆ. ಆದ್ದರಿಂದ ಸಾರದ ಒಂದಿಷ್ಟು ಭಾಗಕ್ಕೆ ದುರ್ಬಲ ನೈಟ್ರಿಕ್ ಆಮ್ಲ ಹಾಕಿ, ಆಮೇಲೆ ಸಿಲ್ವರ್ ನೈಟ್ರೇಟ್ ಹನಿಸಿ, ಬಿಳಿ ಕದಡು ಎಷ್ಟು ಬರುತ್ತದೆಂದು ಪ್ರತಿ ಬ್ಯಾಚಿಗೂ ನೋಡಿಕೊಳ್ಳಿ. ಈಗಾಗಲೇ ಒಣಗಿಸಿಟ್ಟ ಪುಡಿಯಲ್ಲಿ ಚಿಟಿಕೆಯಷ್ಟನ್ನು ದುರ್ಬಲ ಅಮೋನಿಯಾದಲ್ಲಿ ಅಲುಗಿಸಿದರೆ ಸಿಲ್ವರ್ ಕ್ಲೋರೈಡ್ ಕರಗಿ, ಲೋಹದ ಬೆಳ್ಳಿ ಹಾಗೆಯೇ ಉಳಿಯುತ್ತದೆ. ಒಂದು ಎಚ್ಚರಿಕೆ: ಅಮೋನಿಯಾ ಬೆರೆತ ಬೆಳ್ಳಿಯ ದ್ರಾವಣವನ್ನು ಯಾವ ಕಾರಣಕ್ಕೂ ಇಟ್ಟುಕೊಳ್ಳಬೇಡಿ, ಇಟ್ಟರೆ ಸ್ಫೋಟಿಸುವ ವಸ್ತು ಉಂಟಾಗಬಹುದು. ಪರೀಕ್ಷೆ ಮುಗಿದ ಕೂಡಲೇ ಆಮ್ಲೀಯಗೊಳಿಸಿಬಿಡಿ.

ಮೊದಲ ಬ್ಯಾಚಿನ ಬಗ್ಗೆಯೂ ಒಂದು ಮಾತು. ಕಂದು ಬಣ್ಣವೊಂದನ್ನೇ ಸಾಕ್ಷಿಯೆಂದು ನಂಬಬೇಡಿ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದು ಅದರ ಫೀನಾಲ್‌ಗಳು ಉತ್ಕರ್ಷಣಗೊಂಡು. ಬೆಳ್ಳಿಯ ಅಯಾನನ್ನು ಎಲೆಕ್ಟ್ರಾನ್ ಕೊಟ್ಟು ಲೋಹವಾಗಿ ಅಪಕರ್ಷಿಸುವಾಗ ನಿಮ್ಮ ಸಾರದ ಪಾಲಿಫೀನಾಲ್‌ಗಳಿಗೂ ಅದೇ ಆಗುತ್ತದೆ, ಬಣ್ಣವೂ ಬರುತ್ತದೆ. 400ರಿಂದ 450 ನ್ಯಾನೋಮೀಟರಿನ ನಡುವಿನ ಪೀಕ್ ಲೋಹದ ಎಲೆಕ್ಟ್ರಾನುಗಳು ಬೆಳಕಿಗೆ ಒಟ್ಟಾಗಿ ತೊನೆಯುವುದರಿಂದ ಬರುವಂಥದ್ದು, ಅದು ಒಳ್ಳೆಯ ಸೂಚನೆಯೇ. ಆದರೂ ಅಷ್ಟೇ ಪ್ರಮಾಣದ ನೀರಿನಲ್ಲಿ ತೆಳುಗೊಳಿಸಿದ ಬರೀ ಸಾರ ಒಂದು ಬಾಟಲಿಯಲ್ಲಿ, ಬರೀ ಸಿಲ್ವರ್ ನೈಟ್ರೇಟ್ ಇನ್ನೊಂದರಲ್ಲಿ, ಅದೇ ಬೆಳಕು ಮತ್ತು ಅದೇ ಬಿಸಿಯಲ್ಲಿ ಪಕ್ಕದಲ್ಲೇ ನಿಂತಿರಬೇಕು. ಪಿಎಚ್ ಏರಿಸಿದರೆ ಕ್ರಿಯೆ ಚುರುಕಾಗುವುದು ನಿಜ. ಆದರೆ ಕ್ಷಾರ ಹೆಚ್ಚಾದರೆ ಸಿಲ್ವರ್ ಆಕ್ಸೈಡಿನ ಕಂದು ಪ್ರಕ್ಷೇಪ ಬಂದು ನಿಮ್ಮನ್ನು ಇನ್ನೊಮ್ಮೆ ಮೋಸಗೊಳಿಸುತ್ತದೆ.

ಉತ್ತರ: ಹೆಪ್ಪು

ನಾನು ಸೂಕ್ಷ್ಮಜೀವಿಗಳ ಕಡೆಯಿಂದ ಬಂದವಳು. ಶಿಲೀಂಧ್ರಕ್ಕೆ ಬದಲಾದರೆ ಕ್ಲೋರೈಡ್ ತಪ್ಪೀತೇ ಎಂಬ ಪ್ರಶ್ನೆಗೆ ನನ್ನ ಉತ್ತರ: ತಪ್ಪುವುದಿರಲಿ, ಹೆಚ್ಚಾದೀತು. ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವವಾದ ಸಾಮಾನ್ಯ ನ್ಯೂಟ್ರಿಯೆಂಟ್ ಬ್ರಾತ್‌ನಲ್ಲಿ ಲೀಟರಿಗೆ 5 ಗ್ರಾಂ ಅಡುಗೆ ಉಪ್ಪು ಇರುತ್ತದೆ, ಅಂದರೆ ಸುಮಾರು 85 ಮಿಲಿಮೋಲಾರ್ ಕ್ಲೋರೈಡ್. ಬ್ಯಾಕ್ಟೀರಿಯಾ ಬೆಳೆದ ಆ ಬ್ರಾತ್‌ಗೆ ನೇರವಾಗಿ ಸಿಲ್ವರ್ ನೈಟ್ರೇಟ್ ಸುರಿದು, ಕಂಡ ಬಣ್ಣವನ್ನೆಲ್ಲ ಜೀವಿಯ ಕೆಲಸವೆಂದು ಬರೆಯುವವರಿದ್ದಾರೆ. ಪೆಪ್ಟೋನ್, ಯೀಸ್ಟ್ ಸಾರ ಮತ್ತು ಸಕ್ಕರೆ ಇರುವ ಮಾಧ್ಯಮವು ಬೆಳಕು ಮತ್ತು ಶಾಖ ಸಿಕ್ಕರೆ ಜೀವಿಯ ಹಂಗಿಲ್ಲದೆಯೂ ಬೆಳ್ಳಿಯನ್ನು ಅಪಕರ್ಷಿಸಬಲ್ಲದು; ಆದ್ದರಿಂದ ಜೀವಿ ಹಾಕದ ಮಾಧ್ಯಮದ ಕಂಟ್ರೋಲ್ (ಹೋಲಿಕೆಯ ಪ್ರಯೋಗ) ಇಲ್ಲದ ಫಲಿತಾಂಶವನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ.

ಈ ಕ್ಷೇತ್ರದ ಒಳ್ಳೆಯ ಕೆಲಸಗಳಲ್ಲಿ ಈ ಎಚ್ಚರ ಕಾಣುತ್ತದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿಯವರ ತಂಡವು 2001ರಲ್ಲಿ ವರ್ಟಿಸಿಲಿಯಂ ಶಿಲೀಂಧ್ರದ ಜೀವಕೋಶಗಳೊಳಗೆ ಕಣಗಳು ಬೆಳೆಯುವುದನ್ನು ತೋರಿಸಿತು. ಅವನ್ನು ಹೊರತೆಗೆಯಲು ಕೋಶವನ್ನು ಒಡೆಯಬೇಕಾಗುತ್ತಿತ್ತು. 2003ರಲ್ಲಿ ಫ್ಯುಸೇರಿಯಂ ಆಕ್ಸಿಸ್ಪೋರಂನಿಂದ ಬೆಳ್ಳಿಯ ಕಣಗಳು ಹೊರಗಿನ ದ್ರಾವಣದಲ್ಲೇ ಆಗುವುದನ್ನು ತೋರಿಸಿದರು. ಅದಕ್ಕೆ ಎನ್‌ಎಡಿಎಚ್ (ಜೀವಕೋಶದಲ್ಲಿ ಎಲೆಕ್ಟ್ರಾನ್ ಒದಗಿಸುವ ಅಣು) ಅವಲಂಬಿತ ರಿಡಕ್ಟೇಸ್ ಕಿಣ್ವ ಕಾರಣವೆಂದು ಅವರ ವಾದ. ನೀವು ಅನುಸರಿಸುತ್ತಿರುವ ಬೇವಿನೆಲೆಯ ವಿಧಾನವೂ 2004ರಲ್ಲಿ ಅದೇ ತಂಡದಿಂದ ಬಂದದ್ದು. ಶಿಲೀಂಧ್ರದೊಂದಿಗೆ ಕೆಲಸ ಮಾಡುವಾಗ ಬೆಳೆದ ಕವಕಜಾಲವನ್ನು (ಶಿಲೀಂಧ್ರದ ಎಳೆಗಳ ಗುಂಪನ್ನು) ಮಾಧ್ಯಮದಿಂದ ಸೋಸಿ ಬೇರ್ಪಡಿಸಿ, ಶುದ್ಧ ನೀರಿನಲ್ಲಿ ಹಲವು ಸಲ ತೊಳೆದ ಮೇಲೆಯೇ ಬೆಳ್ಳಿಯ ದ್ರಾವಣಕ್ಕೆ ಸೇರಿಸಬೇಕು. ಆ ತೊಳೆಯುವ ಹಂತವನ್ನು ಬೇಸರಪಟ್ಟು ಬಿಟ್ಟರೆ ನೀವು ಮತ್ತೆ ಕೊಳವೆಬಾವಿಗೇ ಬಂದು ನಿಲ್ಲುತ್ತೀರಿ.

ಮದ್ರಾಸಿನ ಐಐಟಿಯಲ್ಲಿ ಪ್ರದೀಪ್ ಅವರ ತಂಡವು 2002ರಲ್ಲಿ ಮಜ್ಜಿಗೆಯಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ತಳಿಗಳ ನೆರವಿನಿಂದ ಚಿನ್ನ ಮತ್ತು ಬೆಳ್ಳಿಯ ಹರಳುಗಳನ್ನು ಬೆಳೆಸಿದ್ದನ್ನು ಓದಿ ನನ್ನ ಹೆಸರನ್ನೇ ಹೆಪ್ಪು ಎಂದು ಇಟ್ಟುಕೊಂಡೆ. ಅದರ ಆಕರ್ಷಣೆ ಬೇರೆ. ಆದರೆ ನಿಮ್ಮ ಕೈಯಲ್ಲಿರುವುದು ಕೆಲವೇ ತಿಂಗಳು. ಗಿಡದ ಸಾರದಲ್ಲಿ ಗಂಟೆಗಳಲ್ಲಿ ಮುಗಿಯುವ ಕ್ರಿಯೆಗೆ ಶಿಲೀಂಧ್ರದಲ್ಲಿ ಮೂರು ದಿನವಾದರೂ ಬೇಕು, ಅದಕ್ಕೆ ಮೊದಲು ಕೃಷಿಕೆ ಬೆಳೆಸುವ ದಿನಗಳು ಬೇರೆ. ಜೊತೆಗೆ ಫ್ಯುಸೇರಿಯಂ ಆಕ್ಸಿಸ್ಪೋರಂನ ಒಂದು ಬಗೆಯೇ ಬಾಳೆಗೆ ಪನಾಮಾ ಸೊರಗು ರೋಗ ತರುವಂಥದ್ದು. ಉಳಿದದ್ದನ್ನು ಆಟೋಕ್ಲೇವ್ ಮಾಡದೆ ಹಿತ್ತಲಿಗೆ ಎಸೆಯುವ ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲೇಬಾರದು. ನನ್ನ ಸಲಹೆ, ಬೇವನ್ನೇ ಹಿಡಿದುಕೊಂಡು ಸರಿಯಾಗಿ ಮುಗಿಸಿ.

ಉತ್ತರ: ಕೆರೆಯಂಚು

ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ. ಪ್ರಶ್ನೆಯಲ್ಲಿ ಬಾರದ, ಆದರೆ ಇಂಥ ಪ್ರಾಜೆಕ್ಟುಗಳಲ್ಲಿ ಮುಂದೆ ಬಂದೇ ಬರುವ ಅಧ್ಯಾಯವೊಂದರ ಬಗ್ಗೆ ಬರೆಯುತ್ತೇನೆ. ನೀವು ಬ್ಯಾಕ್ಟೀರಿಯಾ ವಿರೋಧಿ ಪರೀಕ್ಷೆ ಮಾಡುತ್ತೀರಿ, ಅಗಾರ್ ತಟ್ಟೆಯಲ್ಲಿ ಬಾವಿ ಕೊರೆದು ದ್ರಾವಣ ಹಾಕುತ್ತೀರಿ, ಸುತ್ತ ತಿಳಿಯಾದ ವಲಯ ಕಾಣುತ್ತದೆ, ನ್ಯಾನೋಕಣ ಕೊಂದಿತು ಎಂದು ಬರೆಯುತ್ತೀರಿ. ಆದರೆ ಅಪಕರ್ಷಣವಾಗದೆ ಉಳಿದ ಬೆಳ್ಳಿಯ ಅಯಾನು ತಾನೇ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಮತ್ತು ಅಗಾರಿನಲ್ಲಿ ಕಣಕ್ಕಿಂತ ಸುಲಭವಾಗಿ ಹರಡುವುದೂ ಅದೇ. ಹೀಗಾಗಿ ಸೆಂಟ್ರಿಫ್ಯೂಜಿನಲ್ಲಿ ಕಣಗಳನ್ನು ಕೆಳಗಿಳಿಸಿ, ಮೇಲಿನ ತಿಳಿಯನ್ನು ಒಂದು ಬಾವಿಗೆ, ತೊಳೆದು ಮತ್ತೆ ನೀರಿನಲ್ಲಿ ಹರಡಿದ ಕಣಗಳನ್ನು ಇನ್ನೊಂದಕ್ಕೆ, ಬರೀ ಸಾರವನ್ನು ಮೂರನೆಯದಕ್ಕೆ, ಸಿಲ್ವರ್ ನೈಟ್ರೇಟನ್ನು ನಾಲ್ಕನೆಯದಕ್ಕೆ ಹಾಕಿ ಹೋಲಿಸಬೇಕು. ತಿಳಿಯೇ ಹೆಚ್ಚು ಕೆಲಸ ಮಾಡಿದರೆ ಅದನ್ನೂ ಹಾಗೆಯೇ ಬರೆಯಿರಿ.

ಇನ್ನು 'ಹಸಿರು' ಎಂಬ ಮಾತು. ಸೋಡಿಯಂ ಬೋರೋಹೈಡ್ರೈಡ್ ಎಂಬ ರಾಸಾಯನಿಕ ಅಪಕರ್ಷಕದ ಬದಲು ಎಲೆಯ ಸಾರ ಬಳಸಿದ್ದು ಒಳ್ಳೆಯದೇ, ಆದರೆ ಸಿಲ್ವರ್ ನೈಟ್ರೇಟ್ ತಯಾರಾಗುವುದು ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿಯೇ, ಮತ್ತು ಬೆಳ್ಳಿಯ ಅಯಾನು ಕೆರೆಯ ಪಾಚಿಗೂ ಮೀನಿಗೂ ವಿಷ. ನಿಮ್ಮ ಒಂದು ಲೀಟರ್ ದ್ರಾವಣದಲ್ಲಿ 108 ಮಿಲಿಗ್ರಾಂ ಬೆಳ್ಳಿ ಇರುತ್ತದೆ. ಸಿಂಕಿಗೆ ಚೆಲ್ಲಿ ಹಸಿರು ವಿಧಾನ ಎಂದು ಶೀರ್ಷಿಕೆ ಕೊಡಬೇಡಿ.

ಮರುಮಾತು: ಬೇವಿನನೆರಳು

ಎಲ್ಲರಿಗೂ ಕೃತಜ್ಞತೆಗಳು. ಅಮೋನಿಯಾ ಪರೀಕ್ಷೆ ಮಾಡಿದೆ. ಬಿಳಿಯ ಭಾಗ ಹೆಚ್ಚುಕಡಿಮೆ ಪೂರ್ತಿ ಕರಗಿ, ಕಪ್ಪು ಪುಡಿ ಸ್ವಲ್ಪ ಉಳಿಯಿತು. ಉಪಕರಣ ದುರಸ್ತಿಯಾದ ಮೇಲೆ ಅದೇ ಮರದ ಎಲೆಯನ್ನು ಶುದ್ಧ ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲೇ ಕುದಿಸಿ ಹೊಸ ಬ್ಯಾಚ್ ಮಾಡಿದೆ. ಕದಡು ಕಣ್ಣಿಗೆ ಕಾಣಲಿಲ್ಲ, ಆದರೂ ವಿವರ್ತನೆಯ ನಕ್ಷೆಯಲ್ಲಿ 32.2ರ ಪೀಕ್ ಕುಳ್ಳಗೆ ಉಳಿದಿದೆ. ಎಲೆಯದೇ ಕ್ಲೋರೈಡ್ ಇರಬೇಕು. ಇದನ್ನು ಪ್ರಬಂಧದಲ್ಲಿ ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡಿನ ಮಿಶ್ರಣ ಎಂದೇ ಬರೆದರೆ ಮೌಖಿಕ ಪರೀಕ್ಷೆಯಲ್ಲಿ ತೊಂದರೆಯಾದೀತೇ ಎಂಬ ಅಂಜಿಕೆ ಇದೆ.

ಉತ್ತರ: ಹಳೆಯ ಬ್ಯೂರೆಟ್

ಹಾಗೆಯೇ ಬರೆಯಿರಿ, ಕೊಳವೆಬಾವಿಯ ಬ್ಯಾಚಿನ ನಕ್ಷೆಯನ್ನೂ ಪಕ್ಕದಲ್ಲೇ ಹಾಕಿ. ಎರಡನ್ನೂ ಒಟ್ಟಿಗೆ ಕಂಡ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಬಳಿ ಇದೆ. ಪೀಕಿನ ಅಗಲದಿಂದ ಗಾತ್ರ ಹೇಳುವ ಶೆರ್ರರ್ ಸಮೀಕರಣದಲ್ಲಿ ಲೆಕ್ಕ ಹಾಕುವಾಗ 38.1ರ ಪೀಕನ್ನು ತೆಗೆದುಕೊಳ್ಳಿ, 32.2ರದ್ದನ್ನಲ್ಲ, ಮತ್ತು ಅದು ಹರಳಿನ ಗಾತ್ರವೇ ಹೊರತು ಇಡೀ ಕಣದ ಗಾತ್ರವಲ್ಲ ಎಂದು ಒಂದು ಸಾಲು ಸೇರಿಸಿ. ಉಳಿದ ದ್ರಾವಣಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದು ಅಡುಗೆ ಉಪ್ಪು ಹಾಕಿಡಿ, ಆದರೆ ಅಮೋನಿಯಾ ಹಾಕಿದ್ದನ್ನು ಆಮ್ಲೀಯಗೊಳಿಸದೆ ಅದಕ್ಕೆ ಸೇರಿಸಬೇಡಿ. ಇಷ್ಟು ದಿನ ಕಾಟ ಕೊಟ್ಟ ಕ್ಲೋರೈಡ್ ಅಲ್ಲಾದರೂ ಕರಗಿರುವ ಬೆಳ್ಳಿಯನ್ನು ತಳಕ್ಕಿಳಿಸಿ ಕೊಡಲಿ.